ಈ ಕೆಲಸಕ್ಕೆ ಇಷ್ಟೇ ಕೋರ್: ಟರ್ಮಿನಲ್‌ನಲ್ಲಿ ಹೇಳುವುದು ಹೇಗೆ?

ಮದುವೆ ಸೀಸನ್ ಬಂತೆಂದರೆ ಕಲಬುರಗಿಯ ಸ್ಟುಡಿಯೋಗಳಲ್ಲಿ ಕಂಪ್ಯೂಟರ್‌ಗೆ ಪುರುಸೊತ್ತೇ ಇರುವುದಿಲ್ಲ. ಸೇಡಂ ಪಾರ್ಟಿಯ ವಿಡಿಯೋ ಕನ್ವರ್ಟ್‌ಗೆ ಹಾಕಿರುತ್ತಾರೆ. ಅಷ್ಟರಲ್ಲಿ ಚಿತ್ತಾಪುರದವರು ಆಲ್ಬಂ ನೋಡಲು ಬಂದು ಕೂತಿರುತ್ತಾರೆ. ಫೋಟೋ ತೆರೆಯಲು ಹೋದರೆ ಮೌಸ್ ಬಾಣ ಅಲ್ಲೇ ನಿಂತುಬಿಡುತ್ತದೆ. 'ಕನ್ವರ್ಟ್ ಹಾಕಿದ್ರ ಮಷೀನ್ ಹ್ಯಾಂಗ್ ಆಗ್ಲತ್ತದ್ರಿ, ಬ್ಯಾರೆ ಕೆಲ್ಸ ಮಾಡ್ಲಿಕ್ಕಿ ಬರವಲ್ದು' ಎಂಬ ಮಾತು ಇಲ್ಲಿ ಸಾಮಾನ್ಯ. ಇದಕ್ಕೆ ಹೊಸ ಕಂಪ್ಯೂಟರೇ ಬೇಕು ಎಂದೇನಿಲ್ಲ. ಪ್ರೊಸೆಸರ್‌ನೊಳಗೆ ಕೆಲಸ ಮಾಡುವ ಒಂದೊಂದು ಘಟಕಕ್ಕೂ ಕೋರ್ ಎನ್ನುತ್ತಾರೆ. ಕನ್ವರ್ಟ್ ಮಾಡುವ ಪ್ರೋಗ್ರಾಂ ಯಾವ ಯಾವ ಕೋರ್ ಬಳಸಬೇಕು ಎಂದು ಶುರುವಿನಲ್ಲೇ ಹೇಳಿಬಿಡಬಹುದು.

ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ನೀವು ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ಗೀಟು, ಕಾಮಾ, ಸ್ಪೇಸ್ ಇದ್ದ ಹಾಗೇ ಇರಲಿ.

ಮೊದಲು ಲಿನಕ್ಸ್ ನೋಡೋಣ. ಸಾಮಾನ್ಯವಾಗಿ ಯಾವ ಕೆಲಸ ಯಾವ ಕೋರ್ ಮೇಲೆ ಓಡಬೇಕು ಎಂಬುದನ್ನು ಆಪರೇಟಿಂಗ್ ಸಿಸ್ಟಮ್ ತಾನೇ ನಿರ್ಧರಿಸುತ್ತದೆ, ಚೆನ್ನಾಗಿಯೇ ನಿರ್ಧರಿಸುತ್ತದೆ. ನಾವು ಕೈ ಹಾಕುವುದಾದರೆ ನಮ್ಮ ಕಂಪ್ಯೂಟರ್‌ನ ಕೋರ್‌ಗಳು ಹೇಗಿವೆ ಎಂದು ಮೊದಲು ತಿಳಿದುಕೊಳ್ಳಬೇಕು. ಇದೇ ಮುಖ್ಯ ಹೆಜ್ಜೆ. ಜಾಸ್ತಿ ಜನ ಇದನ್ನೇ ಬಿಟ್ಟುಬಿಡುತ್ತಾರೆ.

ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಹೀಗೆ ಕೊಡಿ:

ಎಲ್ಎಸ್‌ಸಿಪಿಯು -ಇ

ಒಂದು ಪಟ್ಟಿ ಬರುತ್ತದೆ. ಅದರಲ್ಲಿ ಸಿಪಿಯು ಮತ್ತು ಕೋರ್ ಎಂಬ ಎರಡು ಕಾಲಂಗಳನ್ನು ನೋಡಿ. ಎಣಿಕೆ 0ಯಿಂದ ಶುರುವಾಗುತ್ತದೆ. 4 ಕೋರ್, 8 ಥ್ರೆಡ್ ಇರುವ ಕಂಪ್ಯೂಟರ್‌ನಲ್ಲಿ ಸಿಪಿಯು ಕಾಲಂನಲ್ಲಿ 0ಯಿಂದ 7ರವರೆಗೆ ಇರುತ್ತದೆ, ಕೋರ್ ಕಾಲಂನಲ್ಲಿ ನಾಲ್ಕೇ ನಂಬರ್‌ಗಳು ಎರಡೆರಡು ಸಲ ಬರುತ್ತವೆ. ಯಾಕೆಂದರೆ ಒಂದು ನಿಜವಾದ ಕೋರ್ ಎರಡು ಸಿಪಿಯುಗಳಂತೆ ತೋರಿಸಿಕೊಳ್ಳುತ್ತದೆ. ಇಂಟೆಲ್ ಇದನ್ನು ಹೈಪರ್‌ಥ್ರೆಡಿಂಗ್ ಎನ್ನುತ್ತದೆ, 2002ರಿಂದ ಇದು ಬಳಕೆಯಲ್ಲಿದೆ. ಒಂದೇ ಹಂಚಿನ ಮೇಲೆ ಇಬ್ಬರು ಜೋಳದ ರೊಟ್ಟಿ ಮಾಡಿದಂತೆ ಇದು. ಒಬ್ಬರು ಬಡಿಯುವಾಗ ಇನ್ನೊಬ್ಬರು ಬೇಯಿಸುತ್ತಾರೆ, ಹಂಚು ಖಾಲಿ ಇರುವುದಿಲ್ಲ. ಆದರೆ ರೊಟ್ಟಿ ಎರಡು ಪಟ್ಟು ಆಗುವುದಿಲ್ಲ.

ಇಂಥ ಬಹಳಷ್ಟು ಇಂಟೆಲ್ ಕಂಪ್ಯೂಟರ್‌ಗಳಲ್ಲಿ, ಲಿನಕ್ಸ್ ಅಡಿಯಲ್ಲಿ, 0 ಮತ್ತು 4 ಒಂದು ಜೋಡಿ. 1 ಮತ್ತು 5, 2 ಮತ್ತು 6, 3 ಮತ್ತು 7 ಉಳಿದ ಜೋಡಿಗಳು. ಈಗ ನೀವು ಸುಮ್ನೆ 0ಯಿಂದ 5ರವರೆಗೆ ಕನ್ವರ್ಟ್‌ಗೆ ಕೊಟ್ಟಿರಿ ಅಂದುಕೊಳ್ಳಿ. 6 ಮತ್ತು 7 ಉಳಿದಿವೆಯಲ್ಲ, ಅಲ್ಲಿ ಆಲ್ಬಂ ಕೆಲಸ ಆರಾಮಾಗಿ ನಡೆಯುತ್ತದೆ ಅನ್ನಿಸುತ್ತದೆ. ಆದರೆ 6ರ ಜೋಡಿ 2, 7ರ ಜೋಡಿ 3. ಅವೆರಡೂ ಕನ್ವರ್ಟ್‌ನಲ್ಲೇ ಮುಳುಗಿರುತ್ತವೆ. ಅಂದರೆ ಪೂರ್ತಿ ಖಾಲಿ ಇರುವ ಕೋರ್ ಒಂದೂ ಉಳಿದಿಲ್ಲ. ಹಾಗಾಗಿ 0, 1, 2ನ್ನು ಅವುಗಳ ಜೋಡಿ 4, 5, 6ರ ಜೊತೆಗೇ ಕೊಡಿ. 3 ಮತ್ತು 7 ಸೇರಿ ಒಂದು ಇಡೀ ಕೋರ್ ನಿಮಗೆ ಉಳಿಯುತ್ತದೆ. ನಿಮ್ಮ ಕಂಪ್ಯೂಟರ್‌ನಲ್ಲಿ ಜೋಡಿಗಳು ಬೇರೆ ಥರ ಇರಬಹುದು. ಪಟ್ಟಿ ಏನು ತೋರಿಸುತ್ತದೋ ಅದನ್ನೇ ನಂಬಿ.

2021ರ ಕೊನೆಯಲ್ಲಿ ಬಂದ ಇಂಟೆಲ್ 12ನೇ ಪೀಳಿಗೆಯಿಂದ ಹಲವು ಪ್ರೊಸೆಸರ್‌ಗಳಲ್ಲಿ ದೊಡ್ಡ ಕೋರ್, ಚಿಕ್ಕ ಕೋರ್ ಎಂಬ ಎರಡು ಬಗೆ ಇವೆ. ಉದಾಹರಣೆಗೆ ಐ7-12700ರಲ್ಲಿ 8 ದೊಡ್ಡವು, 4 ಚಿಕ್ಕವು. ಈ ಪೀಳಿಗೆಯ ಚಿಕ್ಕ ಕೋರ್‌ಗಳಿಗೆ ಜೋಡಿ ಇರುವುದಿಲ್ಲ. ಅದೇ ಪಟ್ಟಿಯ ಮ್ಯಾಕ್ಸ್‌ಮೆಗಾಹರ್ಟ್ಸ್ ಕಾಲಂನಲ್ಲಿ ಅವುಗಳ ವೇಗ ಕಡಿಮೆ ಇರುವುದು ಕಾಣುತ್ತದೆ. ಪರದೆ ಮೇಲೆ ಕೆಲಸ ಮಾಡುವವರು ಒಂದೆರಡು ದೊಡ್ಡ ಕೋರ್‌ಗಳನ್ನಾದರೂ ತಮಗೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನು ಕಮಾಂಡ್. ಇದರ ಹೆಸರು ಟಾಸ್ಕ್‌ಸೆಟ್. ಯುಟಿಲ್-ಲಿನಕ್ಸ್ ಪ್ಯಾಕೇಜ್‌ನಲ್ಲಿ ಬರುತ್ತದೆ, ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಮೊದಲೇ ಇರುತ್ತದೆ.

ಟಾಸ್ಕ್‌ಸೆಟ್ -ಸಿ 0-2,4-6 ಎಫ್‌ಎಫ್‌ಎಂಪೆಗ್ -ಐ ಮದುವೆ.ಎಂಒವಿ ಮದುವೆ.ಎಂಪಿ4

'-ಸಿ' ಎಂದರೆ ಕೋರ್‌ಗಳ ಪಟ್ಟಿ ಕೊಡುತ್ತಿದ್ದೇನೆ ಎಂದು. ಆಮೇಲೆ ನಂಬರ್‌ಗಳು, ಆಮೇಲೆ ನೀವು ಎಂದಿನಂತೆ ಕೊಡುವ ಕಮಾಂಡ್. ಇಲ್ಲಿ ಅದು ವಿಡಿಯೋ ಕನ್ವರ್ಟ್ ಮಾಡುವ ಎಫ್‌ಎಫ್‌ಎಂಪೆಗ್ ಎಂಬ ಪ್ರೋಗ್ರಾಂನದು. ಪಟ್ಟಿಯಲ್ಲಿ ಕಾಮಾದ ಪಕ್ಕ ಸ್ಪೇಸ್ ಬೇಡ. '-ಸಿ' ಮರೆತರೆ ನಂಬರನ್ನು ಅದು ಪಟ್ಟಿ ಎಂದು ಓದುವುದಿಲ್ಲ, ಹೆಕ್ಸ್ ಸಂಖ್ಯೆ (16ರ ಆಧಾರದ ಸಂಖ್ಯೆ, ಲೆಕ್ಕ ಕೆಳಗೆ ವಿಂಡೋಸ್ ಭಾಗದಲ್ಲಿದೆ) ಎಂದು ಓದುತ್ತದೆ. ಆಗ 3 ಎಂದರೆ ಮೂರನೇ ನಂಬರ್ ಅಲ್ಲ, 0 ಮತ್ತು 1! ನಿಮ್ಮದೇ ಪ್ರೋಗ್ರಾಂ ಆದ್ದರಿಂದ ಪಾಸ್‌ವರ್ಡ್ ಏನೂ ಕೇಳುವುದಿಲ್ಲ. ಆ ಪ್ರೋಗ್ರಾಂ ತಾನು ಶುರುಮಾಡುವ ಬೇರೆ ಪ್ರೋಗ್ರಾಂಗಳಿಗೂ ಇದೇ ಮಿತಿ ಅನ್ವಯಿಸುತ್ತದೆ.

ಕನ್ವರ್ಟ್ ಆಗಲೇ ಓಡುತ್ತಿದ್ದರೆ ನಿಲ್ಲಿಸಬೇಕಿಲ್ಲ. 'ಪಿಜಿರೆಪ್ ಎಫ್‌ಎಫ್‌ಎಂಪೆಗ್' ಎಂದು ಕೊಟ್ಟರೆ ಅದರ ಪ್ರೊಸೆಸ್ ನಂಬರ್ ಸಿಗುತ್ತದೆ. 4321 ಬಂತು ಅಂದುಕೊಳ್ಳೋಣ:

ಟಾಸ್ಕ್‌ಸೆಟ್ -ಎಸಿಪಿ 0-2,4-6 4321

ಇಲ್ಲಿ 'ಎ' ಬಿಡಬೇಡಿ. ಒಂದು ಪ್ರೋಗ್ರಾಂ ತನ್ನ ಕೆಲಸವನ್ನು ಹಲವು ಎಳೆಗಳಾಗಿ ಹಂಚಿಕೊಂಡು ಓಡಿಸುತ್ತದೆ, ಅವಕ್ಕೂ ಥ್ರೆಡ್ ಎಂದೇ ಹೆಸರು. 'ಎ' ಇಲ್ಲದಿದ್ದರೆ ಮುಖ್ಯ ಥ್ರೆಡ್ ಒಂದಕ್ಕೇ ಮಿತಿ ಬೀಳುತ್ತದೆ. ನಿಜವಾದ ಭಾರ ಹೊತ್ತ ಉಳಿದ ಥ್ರೆಡ್‌ಗಳು ಮೊದಲಿನಂತೆ ಎಲ್ಲ ಕೋರ್‌ಗಳ ಮೇಲೂ ಓಡುತ್ತಿರುತ್ತವೆ. ಕಮಾಂಡ್ ಕೊಟ್ಟರೂ ಏನೂ ಬದಲಾಗಲಿಲ್ಲ ಎನ್ನುವವರು ಮೊದಲು ಇದನ್ನೇ ನೋಡಬೇಕು.

ಮಿತಿ ಹತ್ತಿದೆಯೋ ಇಲ್ಲವೋ ಎಂದು ನೋಡಲು 'ಟಾಸ್ಕ್‌ಸೆಟ್ -ಎಸಿಪಿ 4321' ಎಂದಷ್ಟೇ ಕೊಡಿ, ಒಂದೊಂದು ಥ್ರೆಡ್‌ನ ಪಟ್ಟಿಯೂ ಬರುತ್ತದೆ. ಕಣ್ಣಾರೆ ನೋಡಬೇಕೆಂದರೆ 'ಟಾಪ್' ಓಡಿಸಿ 1 ಒತ್ತಿ. ಒಂದೊಂದು ಸಿಪಿಯುವಿಗೆ ಒಂದೊಂದು ಸಾಲು ಬರುತ್ತದೆ. 3 ಮತ್ತು 7 ಹಗುರಾಗಿ ಇದ್ದರೆ ಕೆಲಸ ಆಯಿತು.

ವಿಂಡೋಸ್ ಇರುವವರು ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೊಡಬೇಕು:

ಸ್ಟಾರ್ಟ್ "" /ಅಫಿನಿಟಿ 3ಎಫ್ ಎಫ್‌ಎಫ್‌ಎಂಪೆಗ್ -ಐ ಮದುವೆ.ಎಂಒವಿ ಮದುವೆ.ಎಂಪಿ4

ಇಲ್ಲಿ ನಂಬರ್ ಪಟ್ಟಿ ನಡೆಯುವುದಿಲ್ಲ, ಹೆಕ್ಸ್ ಸಂಖ್ಯೆಯೇ ಬೇಕು. ಲೆಕ್ಕ ಕಷ್ಟವಲ್ಲ. ನಾಲ್ಕು ನಾಲ್ಕು ಸಿಪಿಯುಗಳ ಗುಂಪು ಮಾಡಿ, ಗುಂಪಿನ ಒಳಗೆ ಕ್ರಮವಾಗಿ 1, 2, 4, 8 ಎಂದು ಬೆಲೆ ಕೊಡಿ. 0ಯಿಂದ 3ರವರೆಗೆ ಎಲ್ಲ ಬೇಕಾದರೆ ಕೂಡಿಸಿ 15, ಹೆಕ್ಸ್‌ನಲ್ಲಿ ಅದು ಎಫ್. ಮುಂದಿನ ಗುಂಪಿನಲ್ಲಿ 4 ಮತ್ತು 5 ಮಾತ್ರ ಬೇಕು, ಅಂದರೆ 1 ಮತ್ತು 2 ಸೇರಿ 3. ಮುಂದಿನ ಗುಂಪು ಎಡಕ್ಕೆ ಬರುತ್ತದೆ: 3ಎಫ್. ಲಿನಕ್ಸ್‌ನಲ್ಲಿ ಬೇಡ ಎಂದ 0ಯಿಂದ 5 ಇಲ್ಲಿ ಸರಿ ಹೇಗಾಯಿತು? ವಿಂಡೋಸ್ ಜೋಡಿಗಳಿಗೆ ಅಕ್ಕಪಕ್ಕದ ನಂಬರ್ ಕೊಡುತ್ತದೆ. 6 ಮತ್ತು 7 ಅಲ್ಲಿ ಒಂದೇ ಕೋರ್. ಇನ್ನು ಆ ಖಾಲಿ ಉದ್ಧರಣ ಚಿಹ್ನೆಗಳು ಕಿಟಕಿಯ ಶೀರ್ಷಿಕೆಯ ಜಾಗ. ಅದನ್ನು ಬಿಟ್ಟು, ಪ್ರೋಗ್ರಾಂನ ದಾರಿಯನ್ನು (ಫೋಲ್ಡರ್ ಸಮೇತ ಅದರ ಹೆಸರನ್ನು) ಉದ್ಧರಣ ಚಿಹ್ನೆಯೊಳಗೆ ಬರೆದರೆ ವಿಂಡೋಸ್ ಅದನ್ನೇ ಶೀರ್ಷಿಕೆ ಅಂದುಕೊಳ್ಳುತ್ತದೆ.

ಹೀಗೆ ಮಾಡಿದರೂ 0, 1, 2 ಕನ್ವರ್ಟ್‌ಗೇ ಮೀಸಲಾದವು ಎಂದಲ್ಲ. ಬೇರೆ ಪ್ರೋಗ್ರಾಂಗಳೂ ಅಲ್ಲಿಗೆ ಬರಬಹುದು. ಕನ್ವರ್ಟ್ ಮಾತ್ರ ಅದರಾಚೆ ಹೋಗುವಂತಿಲ್ಲ, ಅಷ್ಟೇ. ಸ್ಟುಡಿಯೋ ಕೆಲಸಕ್ಕೆ ಇಷ್ಟು ಸಾಕು. ಮಷೀನ್ ಸ್ವಲ್ಪ ನಿಧಾನ, ಪೂರ್ತಿ ಹ್ಯಾಂಗ್ ಆಗುವುದಿಲ್ಲ ಎನ್ನುವವರಿಗೆ ಕೋರ್ ಆರಿಸುವ ಕೆಲಸವೇ ಬೇಡ. ಲಿನಕ್ಸ್‌ನಲ್ಲಿ ಕಮಾಂಡ್‌ನ ಶುರುವಿಗೆ 'ನೈಸ್ -ಎನ್ 19' ಸೇರಿಸಿ ನೋಡಿ. ಆಗ ಕನ್ವರ್ಟ್ ಎಲ್ಲ ಕೋರ್‌ಗಳನ್ನೂ ಬಳಸುತ್ತದೆ, ಆದರೆ ಬೇರೆ ಕೆಲಸ ಬಂದಾಗ ಹಿಂದೆ ಸರಿಯುತ್ತದೆ. ರಾತ್ರಿ ಯಾರೂ ಇಲ್ಲದಾಗ ಪೂರ್ತಿ ವೇಗವೂ ಸಿಗುತ್ತದೆ. ನಾನಾದರೆ ಮೊದಲು ಇದನ್ನೇ ಮಾಡಿ ನೋಡುತ್ತೇನೆ, ಸಾಲದಿದ್ದರೆ ಟಾಸ್ಕ್‌ಸೆಟ್‌ಗೆ ಹೋಗುತ್ತೇನೆ.

ನಮ್ಮ ಬಿಸಿಲಿನ ವಿಚಾರವೂ ಇದೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುತ್ತದೆ, ಒಳಗೆ ಎ.ಸಿ. ಇಲ್ಲದ ಕೋಣೆ. ಎಲ್ಲ ಕೋರ್‌ಗಳೂ ಪೂರ್ತಿ ಓಡಿದರೆ ಪ್ರೊಸೆಸರ್ ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಅಂಥ ಮಧ್ಯಾಹ್ನ ಎರಡೇ ಕೋರ್ ಕೊಟ್ಟು ನೋಡಿ: 'ಟಾಸ್ಕ್‌ಸೆಟ್ -ಸಿ 0,1,4,5'. ಹೊತ್ತು ಜಾಸ್ತಿ ಹಿಡಿಯುತ್ತದೆ, ಆದರೆ ಕಾವು ಕಡಿಮೆಯಾಗುತ್ತದೆ. ಇಲ್ಲಿ ನೈಸ್ ನೆರವಿಗೆ ಬರುವುದಿಲ್ಲ, ಅದು ಖಾಲಿ ಕೋರ್ ಸಿಕ್ಕರೆ ಬಿಡುವುದಿಲ್ಲ.

ಪ್ರೋಗ್ರಾಂ ಮುಗಿದ ಕೂಡಲೇ ಈ ಮಿತಿಯೂ ಹೋಗುತ್ತದೆ. ದಿನಾ ಬೇಕಾದರೆ ಆ ಒಂದು ಸಾಲನ್ನು ಲಿನಕ್ಸ್‌ನಲ್ಲಿ '.ಎಸ್‌ಎಚ್' ಫೈಲ್‌ನಲ್ಲೋ, ವಿಂಡೋಸ್‌ನಲ್ಲಿ '.ಬ್ಯಾಟ್' ಫೈಲ್‌ನಲ್ಲೋ ಬರೆದಿಡಿ. ಕಂಪ್ಯೂಟರ್ ಬದಲಾಯಿಸಿದಾಗ ಆ ಫೈಲನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ಹೊಸ ಕಂಪ್ಯೂಟರ್‌ನ ಜೋಡಿಗಳನ್ನು ನೋಡಿ ನಂಬರ್ ತಿದ್ದಿಕೊಳ್ಳಿ.