ಬೀದಿದೀಪ ಉರಿಯದಿದ್ದರೆ ಹೀಗೆ ದೂರು ಕೊಡಿ

ಕಳೆದ ಮಳೆಗಾಲದಲ್ಲಿ ದಾವಣಗೆರೆಯ ನಮ್ಮ ಓಣಿಯ ಮೂಲೆದೀಪ ಕೆಟ್ಟಿತು. ಒಂದು ಆ್ಯಪ್‌ನಲ್ಲಿ ದೂರು ಹಾಕಿದೆ. ಮೂರನೇ ದಿನ ಮೊಬೈಲ್‌ಗೆ ಮೆಸೇಜ್ ಬಂತು: ‘ಪರಿಹರಿಸಲಾಗಿದೆ’. ಜೊತೆಗೊಂದು ಫೋಟೊ, ಮಟಮಟ ಮಧ್ಯಾಹ್ನ ತೆಗೆದದ್ದು! ಹಗಲಲ್ಲಿ ಕೆಟ್ಟ ದೀಪವೂ ಒಳ್ಳೆಯ ದೀಪವೂ ಒಂದೇ ಥರ ಕಾಣುತ್ತವೆ, ಅಲ್ವಾ?

2016ರ ಜನವರಿಯಲ್ಲಿ ಬಂದ ಸ್ಮಾರ್ಟ್ ಸಿಟಿಗಳ ಮೊದಲ ಪಟ್ಟಿಯ 20 ಊರುಗಳಲ್ಲಿ ನಮ್ಮದೂ ಒಂದು. ಮೊದಲೆಲ್ಲ ದೂರು ಎಂದರೆ ಕಾರ್ಪೊರೇಟರ್ ಮನೆಯ ಜಗಲಿ. ಅಲ್ಲಿ ಮುಖ ನೋಡಿಕೊಂಡು ಸುಳ್ಳು ಹೇಳುವುದು ಕಷ್ಟವಿತ್ತು. ಈಗ ಅವರ ಕಡೆಯವರು ಫೋನಿನಲ್ಲಿ ಒಂದು ಬಟನ್ ಒತ್ತಿ ‘ಪರಿಹರಿಸಲಾಗಿದೆ’ ಎಂದರೆ ದೂರು ಮುಗಿಯಿತು. ಆದರೆ ಜಗಲಿಯಲ್ಲಿ ಸಿಗದಿದ್ದ ಒಂದು ವಸ್ತು ಇಲ್ಲಿ ಸಿಗುತ್ತದೆ: ತಾರೀಖಿನ ಸಮೇತ ದೂರಿನ ನಂಬರ್. ಅದನ್ನು ಬಿಡಬೇಡಿ.

ಮೊದಲು ಕಂಬದ ಮೇಲೆ ಬರೆದ ನಂಬರ್ ಇದ್ದರೆ ಗುರುತು ಹಾಕಿಕೊಳ್ಳಿ. ಕತ್ತಲಾದ ಮೇಲೆ ಫೋಟೊ ತೆಗೆಯಿರಿ. ಪಕ್ಕದ ಕಂಬದ ಉರಿಯುವ ದೀಪವೂ ಫೋಟೊದಲ್ಲಿ ಬರಲಿ. ಆಗ ‘ಕರೆಂಟ್ ಹೋಗಿತ್ತು’ ಎನ್ನುವ ನೆಪ ನಡೆಯುವುದಿಲ್ಲ. ಮ್ಯಾಪ್ ತೋರಿಸುವ ಜಾಗವನ್ನೇ ನಂಬಬೇಡಿ, ಅದು ಕೆಲವೊಮ್ಮೆ ಹಿಂದಿನ ಬೀದಿಗೆ ಹಾರುತ್ತದೆ. ಮೇನ್, ಕ್ರಾಸ್, ‘ಮಂಡಕ್ಕಿ ಭಟ್ಟಿ ಎದುರು’ ಎಂದೆಲ್ಲ ಕೈಯಾರೆ ಬರೆಯಿರಿ.

ಒಂದು ದೂರಿಗೆ ಒಂದೇ ವಿಷಯ. ದೀಪ, ಚರಂಡಿ, ಹಂದಿ ಕಾಟ ಎಲ್ಲ ಸೇರಿಸಿದರೆ, ಒಂದನ್ನು ಮಾಡಿ ಮೂರೂ ಆಯಿತು ಎಂದು ಬರೆದುಬಿಡುತ್ತಾರೆ.

ದೀಪ ಸರಿಮಾಡದೆ ಸುಳ್ಳೇ ದೂರು ಮುಚ್ಚಿದರೆ? ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸರ್ಕಾರದ ‘ಜನಸ್ಪಂದನ’ ಸಹಾಯವಾಣಿ 1902ಕ್ಕೆ ಕರೆ ಮಾಡಿ, ಹಳೆಯ ದೂರಿನ ನಂಬರ್ ಹೇಳಿ.

ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ವಿಷಯವೂ ಒಂದೇ ಇರಬೇಕು. 30 ದಿನದೊಳಗೆ ಉತ್ತರ ಕೊಡಬೇಕು. ಇಲ್ಲಿ ಜನ ಎಡವುತ್ತಾರೆ: ‘ಯಾಕೆ ರಿಪೇರಿ ಮಾಡಿಲ್ಲ?’ ಎಂದು ಕೇಳುತ್ತಾರೆ. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ಹಾಗಾಗಿ ‘ಈ ನಂಬರಿನ ದೂರು ಮುಚ್ಚಿದ ಅಧಿಕಾರಿಯ ಹುದ್ದೆ, ಮುಚ್ಚಿದ ದಿನಾಂಕ, ಸ್ಥಳಕ್ಕೆ ಹೋಗಿ ನೋಡಿದ ವರದಿ, ಹಾಕಿದ ಬಲ್ಬಿನ ಬಿಲ್, ಇವುಗಳ ಪ್ರತಿ ಕೊಡಿ’ ಎಂದು ಬರೆಯಿರಿ. ಬಲ್ಬೇ ಹಾಕದಿದ್ದರೆ ಬಿಲ್ ಎಲ್ಲಿಂದ ತರುತ್ತಾರೆ?

ಇನ್ನೊಂದು ಮಾತು. ಆ ಕಂಬದ ಕೆಳಗೆ ಒಬ್ಬರು ಅಜ್ಜಿ ಹೂವು ಮಾರುತ್ತಾರೆ. ಕತ್ತಲಿನಿಂದ ಜಾಸ್ತಿ ಕಷ್ಟ ಆಗಿದ್ದು ಅವರಿಗೇ, ಏಳು ಗಂಟೆಗೇ ಬುಟ್ಟಿ ಎತ್ತುತ್ತಿದ್ದರು. ಅವರದು ಕೀಪ್ಯಾಡ್ ಫೋನ್. ಆ್ಯಪ್‌ನ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ದೂರು ಜಾಸ್ತಿ ಬಂದ ಬಡಾವಣೆಗೇ ಲೈನ್‌ಮನ್ ಮೊದಲು ಹೋದರೆ, ಸ್ಮಾರ್ಟ್‌ಫೋನ್ ಇಲ್ಲದ ಓಣಿಗೆ ಅವನು ಬರುವುದು ಯಾವಾಗ? 1902ಕ್ಕೆ ಆ್ಯಪ್ ಬೇಡ. ಅಜ್ಜಿಯ ಫೋನಿನಿಂದಲೇ ಕರೆ ಮಾಡಿದೆವು. ಅವರು ಮಾತಾಡಿದರು, ನಾನು ಪಕ್ಕದಲ್ಲಿ ನಿಂತು ಕಂಬದ ನಂಬರ್ ಓದಿ ಹೇಳಿದೆ.