ಸ್ವಿಂಗ್ ಮುಟ್ಟದೆಯೇ ಸ್ವಿಂಗ್ ವಾಪಸ್ ಬಂತು

ನನ್ನ ಗಾಲ್ಫ್ ಕೆಟ್ಟಾಗ “ಸ್ವಿಂಗ್ (ಕ್ಲಬ್ ಬೀಸುವ ರೀತಿ) ಬಿಚ್ಚಿ ಮತ್ತೆ ಕಟ್ಟಬೇಕು, ಬೇರೆ ದಾರಿಯಿಲ್ಲ” ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಈಗ ಸುತ್ತಿಗೆ 80 ಹೊಡೆತದ ಆಸುಪಾಸಿನಲ್ಲೇ ಕಾರ್ಡ್ ಕೊಡುತ್ತಿದ್ದೇನೆ, ಆಟದ ಮಟ್ಟ ಹೇಳುವ ಹ್ಯಾಂಡಿಕ್ಯಾಪ್ 8ಕ್ಕೆ ಇಳಿದಿದೆ (ಎರಡೂ ಕಡಿಮೆಯಾದಷ್ಟೂ ಒಳ್ಳೆಯದು). ಹಾಗೆ ಹೇಳಿದವರಲ್ಲೇ ಇಬ್ಬರು ಏನು ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಬಲಗೈಯವನು, ಎಡಗೈಯವರು ತಿರುಗಿಸಿ ಓದಿಕೊಳ್ಳಿ.

ಆಗ ಡ್ರೈವರ್ (ಅತಿ ದೂರ ಹೊಡೆಯುವ ಉದ್ದದ ಕ್ಲಬ್) ಬಲಕ್ಕೆ ಸ್ಲೈಸ್, ಅಂದರೆ ಚೆಂಡು ಬಲಕ್ಕೆ ಬಾಗುತ್ತಿತ್ತು; 7 ಐರನ್ (ನಡುದೂರದ ಕ್ಲಬ್) ಎಡಕ್ಕೆ ಪುಲ್, ಅಂದರೆ ಬಾಗದೆ ಎಡಕ್ಕೇ ಹೋಗುತ್ತಿತ್ತು, ಅದೂ ಒಂದೇ ದಿನ. ಯಾವ ಪೆಟ್ಟೂ ಬದಲಾದಂತೆ ಅನಿಸುತ್ತಿರಲಿಲ್ಲ, ಸ್ಕೋರು ಮಾತ್ರ 95 ದಾಟುತ್ತಿತ್ತು. ಮೊದಲು ಹೊಸ ಡ್ರೈವರ್ ಕೊಂಡೆ. ಅದೇ ಸ್ಲೈಸ್, ಇನ್ನೂ ಸ್ವಲ್ಪ ದೂರಕ್ಕೆ ಹೋಗಿ ಬಿತ್ತು. ಆಮೇಲೆ ಶಾಫ್ಟ್ (ಕ್ಲಬ್‌ನ ಕೋಲು) ಬದಲಿಸಿದೆ. ಆಮೇಲೆ ಪಾಠ: ಒಬ್ಬ ಕೋಚ್ ಸ್ವಿಂಗ್ ಪ್ಲೇನ್ (ಕ್ಲಬ್ ಸುತ್ತುವ ಓರೆ) ತಿದ್ದಿದರು, ಇನ್ನೊಬ್ಬರು ಸೊಂಟದ ತಿರುವು. ಸ್ಲೈಸ್ ಹೋಗಿ ಎಡಕ್ಕೆ ಬಾಗುವ ಹುಕ್ ಬಂತು. ಊದೋದು ಕೊಟ್ಟು ಬಾರಿಸೋದು ತಗೊಂಡ ಹಾಗೆ. ಹೊಡೆತ ಅಳೆಯುವ ಯಂತ್ರ ಲಾಂಚ್ ಮಾನಿಟರ್ ಮುಂದೆ ನಿಂತ ಗಂಟೆಗಳ ಬಾಡಿಗೆಯನ್ನೂ ಸೇರಿಸಿದರೆ ಒಂದು ಪೂರ್ತಿ ಹೊಸ ಸೆಟ್ಟಿನ ದುಡ್ಡು ಕರಗಿತ್ತು. ಮಾನಿಟರ್ ಸುಳ್ಳು ಹೇಳಲಿಲ್ಲ ಬಿಡಿ. ಪಾತ್, ಅಂದರೆ ಕ್ಲಬ್ ಚೆಂಡಿಗೆ ಬರುವ ದಾರಿ, ಹೊರಗಿಂದ ಒಳಕ್ಕೆ ಬರುತ್ತಿದೆ ಅಂತ ತೋರಿಸಿತು. ಯಾಕೆ ಬರುತ್ತಿದೆ ಅಂತ ಅದು ಹೇಗೆ ಹೇಳೀತು?

ಕೊನೆಗೆ ಚೆನ್ನಾಗಿ ಆಡುತ್ತಿದ್ದ ಕಾಲದ ವಿಡಿಯೊ ತೆಗೆದೆ. ಎಲ್ಲರೂ ಟಾಪ್ ಪೊಸಿಷನ್ (ಕ್ಲಬ್ ಮೇಲೆತ್ತಿ ನಿಂತ ಕ್ಷಣ) ನೋಡುತ್ತಾರೆ. ನಾನು ಕ್ಲಬ್ ಅಲುಗುವ ಮೊದಲಿನ ಒಂದು ಫ್ರೇಮ್ ಮಾತ್ರ ನೋಡಿದೆ. ಅಳತೆಗೆ ಚೆಂಡೇ ಸಾಕು: ವ್ಯಾಸ 42.67 ಮಿ.ಮೀ., ಎರಡೂ ವಿಡಿಯೊದಲ್ಲಿ ಅದೇ. ಆ ಲೆಕ್ಕದಲ್ಲಿ 7 ಐರನ್‌ಗೆ ಚೆಂಡು ಸುಮಾರು ಒಂದೂವರೆ ಚೆಂಡಿನಷ್ಟು ಎಡಗಾಲಿನ ಕಡೆ ಜರುಗಿತ್ತು. ಅದನ್ನು ಮುಟ್ಟಲು ಹೋಗಿ ಭುಜ ಎಡಕ್ಕೆ ತೆರೆದುಕೊಂಡಿತ್ತು, ಪಾದಗಳು ಮಾತ್ರ ಗುರಿಯಿಂದ ಬಲಕ್ಕೆ. ಈ ಜಗಳ ಬಿಡಿಸಲು ಕೈ ಹೊರಗಿಂದ ಒಳಕ್ಕೆ ಎಳೆಯುತ್ತಿತ್ತು. ಐರನ್‌ಗೆ ಲಾಫ್ಟ್ (ಕ್ಲಬ್ ಮುಖದ ಓರೆ) ಹೆಚ್ಚು, ಚೆಂಡಿನ ತಿರುವು ಕಡಿಮೆ, ಆದ್ದರಿಂದ ಪುಲ್. ಡ್ರೈವರ್‌ಗೆ ಲಾಫ್ಟ್ ಕಡಿಮೆ, ಸ್ಲೈಸ್ ಬಯಲಾಯಿತು. ರೋಗ ಒಂದೇ. ಮೂರು ಡಿಗ್ರಿ ಗುರಿ ತಪ್ಪಿದರೆ 150 ಗಜಕ್ಕೆ ಎಂಟು ಗಜ ಆಚೆ. ನಿಂತಲ್ಲಿಂದ ಅದು ಕಾಣುವುದೇ ಇಲ್ಲ. ದಿನಕ್ಕೆ ಒಂದು ಕೂದಲೆಳೆಯಷ್ಟು ಜರುಗುತ್ತದೆ, ಕೈ ಸರಿದೂಗಿಸುತ್ತಾ ಹೋಗುತ್ತದೆ, ಒಂದು ದಿನ ಆಗುವುದಿಲ್ಲ ಅನ್ನುತ್ತದೆ. “ಇದ್ದಕ್ಕಿದ್ದಂತೆ” ಅನ್ನುವುದು ಇದಕ್ಕೇ.

1991ರ ಓಪನ್ (ಬ್ರಿಟನ್ನಿನ ದೊಡ್ಡ ಗಾಲ್ಫ್ ಟೂರ್ನಿ) ಗೆದ್ದ ಇಯಾನ್ ಬೇಕರ್-ಫಿಂಚ್ 1997ರ ಓಪನ್‌ನ ಮೊದಲ ಸುತ್ತಿನಲ್ಲಿ 92 ಹೊಡೆದು ಹಿಂದೆ ಸರಿದರಲ್ಲ, ಅಂಥ ಕುಸಿತಕ್ಕೆ ನನ್ನ ಮದ್ದು ಸಾಲದು. ಅಲ್ಲಿ ಮನಸ್ಸೂ ಸೇರಿಕೊಂಡಿರುತ್ತದೆ.

ಮಾಡಿದ್ದು ಇಷ್ಟು. ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೆಯ ವಿಡಿಯೊದ ಅಳತೆಗೆ ಎರಡೂ ಪಾದ ಬರೆದೆ. ವೆಡ್ಜ್ (ಹತ್ತಿರದ ಹೊಡೆತದ ಕ್ಲಬ್), 7 ಐರನ್, ಡ್ರೈವರ್‌ಗೆ ಚೆಂಡಿನ ಜಾಗ ತೋರಿಸಲು ಮೂರು ಚುಕ್ಕೆ. ಹೆಚ್ಚುಕಡಿಮೆ ಮೂರು ವಾರ ಅದರ ಮೇಲೆ ಅರ್ಧ ಸ್ವಿಂಗ್ ಮಾತ್ರ. ಕ್ಯಾಮೆರಾ ಎದೆಯ ಎತ್ತರಕ್ಕೆ, ಚೆಂಡಿಗೆ ನೇರ ಎದುರಿಗೆ ಇರಲಿ. ಅರ್ಧ ಅಡಿ ಸರಿದರೂ ಚೆಂಡಿನ ಜಾಗ ಸುಳ್ಳು ಹೇಳುತ್ತದೆ. ಮೊದಲ ವಾರ ಎಡಗಡೆಯ ಮರಗಳಿಗೇ ಗುರಿಯಿಟ್ಟಂತೆ ಅನಿಸಿತು. ಜತೆಯವರು ನಕ್ಕರು, ನಗಲಿ ಅಂದೆ. ನಾಲ್ಕನೇ ವಾರ ಅಭ್ಯಾಸದ ರೇಂಜ್‌ನಲ್ಲಿ ಹತ್ತಕ್ಕೆ ಏಳು ನೆಟ್ಟಗೆ ಹೋದವು. ಆಗ ಯಾರೂ ನಗಲಿಲ್ಲ.

ಸುತ್ತಿನ ನಡುವೆ ಗುರಿಗೆ, ನಿಲುವಿಗೆ ನೆಲದ ಮೇಲೆ ಏನನ್ನೂ ಇಡುವಂತಿಲ್ಲ, ಗಾಲ್ಫ್‌ನ 10.2ಬಿ ನಿಯಮ. ಇಟ್ಟು, ಹೊಡೆಯುವ ಮೊದಲು ತೆಗೆದರೂ ದಂಡ. ಹಾಗಾಗಿ ಅಳತೆ ಮೈಯಲ್ಲೇ ಇರಬೇಕು. ಎರಡೂ ಪಾದ ಜೋಡಿಸಿ ಚೆಂಡನ್ನು ನಡುವಿಗೆ ತಂದು, ಎಡಗಾಲು ಇಷ್ಟು, ಬಲಗಾಲು ಅಷ್ಟು ಅಂತ ಸರಿಸುತ್ತೇನೆ. ಎಷ್ಟೆಷ್ಟು ಅನ್ನುವುದು ನಿಮ್ಮ ನಿಮ್ಮ ಹಾಳೆ ಹೇಳಬೇಕು. ಗುರಿ ಹಿಡಿಯುವಾಗ ಕೊನೆಯ ಕ್ಷಣ ಏನನ್ನು ನೋಡುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಕ್ಲಬ್ ಟೂರ್ನಿ ಇನ್ನೂ ಬಾಕಿ ಇದೆ.

ನಡುವೆ ಗ್ರಿಪ್ ಪ್ರಯೋಗವೂ ಆಯಿತು. 7 ಐರನ್‌ಗೆ ಹೊಸ ಗ್ರಿಪ್, 8ಕ್ಕೆ ಸವೆದು ನುಣುಪಾದ ಹಳೆಯದು. ಹಳೆಯದನ್ನು ಗೊತ್ತಿಲ್ಲದೆ ಬಿಗಿಯಾಗಿ ಹಿಡಿಯುತ್ತೇನೆ, ಮುಂಗೈ ಗಟ್ಟಿಯಾಗಿ ಚೆಂಡು ಬಲಕ್ಕೆ. ಇಡೀ ಖರ್ಚಿನಲ್ಲಿ ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಹೊಸ ಗ್ರಿಪ್‌ಗಳೊಂದೇ. ಮೆಟ್ರೊನೋಮ್ ಹಾಕಿಕೊಂಡು ಹಿಂದಕ್ಕೆ ಮೂರು, ಮುಂದಕ್ಕೆ ಒಂದು ಅಂತ ಎಣಿಸಿದೆ. ಚಿಪ್ಪಿಂಗ್ (ಹತ್ತಿರದ ಸಣ್ಣ ಹೊಡೆತ) ಸುಧಾರಿಸಿತು, ಡ್ರೈವರ್‌ಗೆ ನಯಾಪೈಸೆ ಉಪಯೋಗವಿಲ್ಲ.

ಈಗ ಆ ಹೊಸ ಡ್ರೈವರನ್ನೇ 45.5ರಿಂದ 44 ಇಂಚಿಗೆ ಕತ್ತರಿಸಿದ್ದೇನೆ. ಸ್ವಿಂಗ್‌ವೇಟ್ (ಬೀಸುವಾಗ ಕ್ಲಬ್‌ನ ತಲೆ ಎಷ್ಟು ಭಾರ ಅನಿಸುತ್ತದೆ ಅನ್ನುವ ಅಳತೆ) ಒಂಬತ್ತು ಪಾಯಿಂಟ್‌ನಷ್ಟು ಬಿತ್ತು, ತಲೆ ಇದೆಯೋ ಇಲ್ಲವೋ ಅನ್ನುವ ಹಾಗೆ. ಎಂಟು ಗ್ರಾಂ ಸೀಸದ ಟೇಪ್ ಅಂಟಿಸಿಯಾಗಿದೆ. ಇನ್ನೂ ಹತ್ತು ಗ್ರಾಂ ಕ್ಲಬ್ ತಲೆಯ ಹಿಮ್ಮಡಿಯ ಕಡೆಗೋ ಮುಂತುದಿಗೋ ಅಂತ ಈ ವಾರ ನೋಡಬೇಕು.