ಯಾರ್ಕ್‌ಷೈರ್‌ನ ಸಂತೆಯೂರುಗಳು: ದೂರದ್ದು ಮೊದಲು, ಹತ್ತಿರದ್ದು ಆಮೇಲೆ

ಲೀಡ್ಸ್‌ನಲ್ಲಿರುವ ನಮ್ಮ ಮನೆಗೆ ಬೇಸಿಗೆಯಲ್ಲಿ ಊರಿನಿಂದ ನೆಂಟರು ಬರುವುದು ತಪ್ಪುವುದಿಲ್ಲ. ಲಂಡನ್ ಮುಗಿಸಿ ಬಂದವರಿಗೆ ಉತ್ತರ ಇಂಗ್ಲೆಂಡಿನ ಹಳೆಯ ಸಂತೆಯೂರುಗಳನ್ನೆಲ್ಲ ಒಂದೇ ದಿನದಲ್ಲಿ ನೋಡಿಬಿಡುವ ಆಸೆ. ಕಳೆದ ವರ್ಷ ನಮ್ಮ ಭಾವ ಒಂದು ಭಾನುವಾರ ಬಾಡಿಗೆ ಕಾರಿನಲ್ಲಿ ಐದು ಊರು ಸುತ್ತಿ ಬಂದರು. ಏನು ನೋಡಿದಿರಿ ಎಂದು ಕೇಳಿದರೆ ಐದು ಪಾರ್ಕಿಂಗ್ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಸಂತೆಗೆ ಮೂರು ಮೊಳ ನೇಯ್ದರು ಎನ್ನೋಣವೆಂದರೆ, ಪಾಪ, ಅವರಿಗೆ ಸಂತೆಯೇ ಸಿಕ್ಕಿರಲಿಲ್ಲ. ಇನ್ನೊಬ್ಬರಿಗೆ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ವಾರ ನೋಡಿ, ಆಮೇಲೆ ಊರು

ಅರ್ಧ ಕೆಲಸ ಇಲ್ಲಿಯೇ ಇದೆ. ಶನಿವಾರಸಂತೆ, ಸೋಮವಾರಪೇಟೆ ಎಂದು ವಾರದ ಹೆಸರನ್ನೇ ಊರಿಗೆ ಇಟ್ಟುಕೊಂಡ ಕೊಡಗು ನಮ್ಮದು. ಆದರೂ ವಿಮಾನ ಹತ್ತಿದೊಡನೆ ನಮ್ಮವರಿಗೆ ಇದು ಮರೆತುಹೋಗುತ್ತದೆ. ಇಲ್ಲಿಯೂ ಸಂತೆಗೆ ಗೊತ್ತಾದ ವಾರವಿದೆ. ಹಿಂದೆ ಸಂತೆ ನಡೆಸುವುದಕ್ಕೆ ರಾಜನ ಸನ್ನದು ಬೇಕಿತ್ತು. ಸ್ಕಿಪ್ಟನ್‌ಗೆ ಅದು ಸಿಕ್ಕಿದ್ದು 1204ರಲ್ಲಿ, ಸೆಟಲ್‌ಗೆ 1249ರಲ್ಲಿ. ಆರೂ ಮುಕ್ಕಾಲು ಮೈಲಿಗೆ ತುಸು ಕಡಿಮೆ ಅಂತರದೊಳಗೆ ಇನ್ನೊಂದು ಸಂತೆ ಏಳಬಾರದು ಎಂದು 13ನೇ ಶತಮಾನದ ಕಾನೂನು ಪಂಡಿತ ಬ್ರ್ಯಾಕ್ಟನ್ ಹೇಳುತ್ತಾನೆ. ಲೆಕ್ಕ ಸರಳ: ದಿನದ ಪ್ರಯಾಣ ಇಪ್ಪತ್ತು ಮೈಲಿ. ಅದರಲ್ಲಿ ಮೂರನೇ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ವ್ಯಾಪಾರಕ್ಕೆ, ಉಳಿದದ್ದು ಕತ್ತಲಾಗುವ ಮುನ್ನ ಮನೆ ಸೇರುವುದಕ್ಕೆ.

ಈಗಿನ ವಾರಗಳು ಹೀಗಿವೆ. ಸೆಟಲ್ ಮಂಗಳವಾರ. ನೇರ್ಸ್‌ಬರೋ ಬುಧವಾರ. ರಿಪನ್ ಗುರುವಾರ. ಥರ್ಸ್ಕ್ ಸೋಮವಾರ ಮತ್ತು ಶನಿವಾರ. ಸ್ಕಿಪ್ಟನ್ ಮಾತ್ರ ಉದಾರಿ: ಸೋಮ, ಬುಧ, ಶುಕ್ರ, ಶನಿ. ಭಾನುವಾರದ ಆಸೆಯನ್ನು ಬಿಟ್ಟುಬಿಡಿ. ರೈಲುಗಳೂ ಆ ದಿನ ಕಡಿಮೆ.

ನನ್ನ ಮತ ಮಂಗಳವಾರಕ್ಕೆ. ಸೆಟಲ್ ಮತ್ತು ಸ್ಕಿಪ್ಟನ್ ಒಂದೇ ರೈಲು ಮಾರ್ಗದಲ್ಲಿವೆ. ಮಂಗಳವಾರ ಸ್ಕಿಪ್ಟನ್‌ನಲ್ಲಿ ಸಂತೆ ಇರುವುದಿಲ್ಲ, ನಿಜ. ಆದರೆ ಅಲ್ಲಿ ನೋಡಬೇಕಾದದ್ದು ಕೋಟೆ, ಅದಕ್ಕೆ ವಾರದ ಹಂಗಿಲ್ಲ. ಶನಿವಾರ ಮಾತ್ರ ಬಿಡುವಿದ್ದವರು ಸ್ಕಿಪ್ಟನ್ ಒಂದನ್ನೇ ಇಡೀ ದಿನ ನೋಡಲಿ. ಎರಡಕ್ಕಿಂತ ಹೆಚ್ಚು ಊರು ಯಾವ ದಿನವೂ ಬೇಡ.

ಎರಡನೆಯ ಹೆಜ್ಜೆ: ಸರಿಯಾದ ರೈಲು

ಬಹಳ ಜನ ಎಡವುವುದು ಇಲ್ಲಿ. ಲೀಡ್ಸ್‌ನಿಂದ ಆ ದಿಕ್ಕಿಗೆ ಮೂರು ಬಗೆಯ ರೈಲು ಹೊರಡುತ್ತವೆ. ಒಂದು ಸ್ಕಿಪ್ಟನ್‌ನಲ್ಲೇ ನಿಲ್ಲುತ್ತದೆ. ಇನ್ನೊಂದು ಕಾರ್ಲೈಲ್‌ಗೆ ಹೋಗುತ್ತದೆ. ಸೆಟಲ್‌ಗೆ ಬೇಕಾದದ್ದು ಇದೇ, ಸುಮಾರು ಒಂದು ಗಂಟೆಯ ಪ್ರಯಾಣ. ಮೂರನೆಯದು ಮೋರ್ಕಮ್‌ಗೆ. ಅದೂ ಸ್ಕಿಪ್ಟನ್ ದಾಟಿ ಅದೇ ಹಳಿಯ ಮೇಲೆ ಓಡುತ್ತದೆ, ಕಿಟಕಿಯಾಚೆ ಅದೇ ಕುರಿ, ಅದೇ ಕಲ್ಲುಗೋಡೆ. ಸೆಟಲ್ ಇನ್ನೇನು ಬಂತು ಎನ್ನುವಾಗ ಕವಲೊಡೆದು ಗಿಗಲ್ಸ್‌ವಿಕ್ ಎಂಬ ಪುಟ್ಟ ನಿಲ್ದಾಣಕ್ಕೆ ಹೋಗಿಬಿಡುತ್ತದೆ. ನನ್ನ ಅತ್ತಿಗೆಯವರು ಇಳಿದದ್ದು ಅಲ್ಲೇ, ಅದೂ ಮಳೆಯಲ್ಲಿ. ಅಲ್ಲಿಂದ ಸೆಟಲ್‌ಗೆ ಅರ್ಧ ಗಂಟೆಯ ನಡಿಗೆ. ಆದ್ದರಿಂದ ಫಲಕದಲ್ಲಿ ರೈಲಿನ ಕೊನೆಯ ನಿಲ್ದಾಣದ ಹೆಸರನ್ನು ಓದಿ; ಪಕ್ಕದವರು ಹತ್ತಿದರೆಂದು ನೀವೂ ಹತ್ತಬೇಡಿ.

ಆದರೆ ಗಿಗಲ್ಸ್‌ವಿಕ್ ಎಲ್ಲಿದೆ ಎಂಬುದು ನೆನಪಿನಲ್ಲಿರಲಿ. ಸೆಟಲ್‌ನಿಂದ ಲೀಡ್ಸ್ ಕಡೆಗೆ ರೈಲುಗಳು ವಿರಳ. ಒಂದು ತಪ್ಪಿದರೆ ಎರಡು ಗಂಟೆಯಷ್ಟು ಕಾಯಬೇಕಾಗಬಹುದು. ಅಂಥ ಹೊತ್ತಿನಲ್ಲಿ ಗಿಗಲ್ಸ್‌ವಿಕ್‌ನಲ್ಲಿ ಯಾವುದಾದರೂ ರೈಲು ಬರಲಿದೆಯೇ ಎಂದು ಮೊಬೈಲ್‌ನಲ್ಲಿ ನೋಡಿ. ನಾನು ಎರಡು ಸಲ ಹಾಗೆ ಪಾರಾಗಿದ್ದೇನೆ.

ದೂರದ ಸೆಟಲ್ ಮೊದಲು, ಹತ್ತಿರದ ಸ್ಕಿಪ್ಟನ್ ಆಮೇಲೆ ಎಂದು ನಾನು ಹಟ ಹಿಡಿಯುವುದೂ ಇದಕ್ಕೇ. ಸಂತೆಗೆ ಬೆಳಗಿನಲ್ಲೇ ಕಳೆ. ಸಂಜೆ ಸುಸ್ತಾದ ಮಕ್ಕಳನ್ನು ಕಟ್ಟಿಕೊಂಡು ರೈಲು ಹೆಚ್ಚು ಓಡಾಡುವ ಊರಿನಲ್ಲಿ ಇರುವುದು ಕ್ಷೇಮ.

ಟಿಕೆಟ್: ಸೆಟಲ್‌ಗೆ ಹೋಗಿಬರುವ ಆಫ್‌ಪೀಕ್, ಅಂದರೆ ನೂಕುನುಗ್ಗಲಿಲ್ಲದ ಹೊತ್ತಿನ, ಟಿಕೆಟ್ ಕೊಳ್ಳಿ. ವಾಪಸಾಗುವಾಗ ಸ್ಕಿಪ್ಟನ್‌ನಲ್ಲಿ ಇಳಿದು ಮತ್ತೆ ಹತ್ತಬಹುದೇ, ಯಾವ ಹೊತ್ತಿನ ರೈಲುಗಳಿಗೆ ಅದು ನಡೆಯುತ್ತದೆ ಎಂದು ಕೌಂಟರಿನಲ್ಲೇ ಕೇಳಿಕೊಳ್ಳಿ. ಮೂರರಿಂದ ಒಂಬತ್ತು ಜನ ಒಟ್ಟಿಗಿದ್ದರೆ ಗುಂಪಿನ ರಿಯಾಯಿತಿ ಕೇಳಿ, ಮೂರನೇ ಒಂದು ಭಾಗ ಉಳಿಯುತ್ತದೆ. ಅಗ್ಗವೆಂದು ಅಡ್ವಾನ್ಸ್ ಟಿಕೆಟ್‌ಗೆ ಮಾತ್ರ ಕೈಹಾಕಬೇಡಿ, ಅದು ನಿಮ್ಮನ್ನು ಒಂದೇ ರೈಲಿಗೆ ಕಟ್ಟಿಹಾಕುತ್ತದೆ.

ಮೂರನೆಯ ಹೆಜ್ಜೆ: ಸೆಟಲ್

ನಿಲ್ದಾಣದಿಂದ ಚೌಕಕ್ಕೆ ಐದು ನಿಮಿಷ. ಮೊದಲು ಅಂಗಡಿಗಳನ್ನು ಒಂದು ಸುತ್ತು ಹಾಕಿ, ಕೊಳ್ಳುವುದು ಎರಡನೆಯ ಸುತ್ತಿಗೆ. ಹತ್ತಿರದ ಹಾಸ್ ಊರಿನಲ್ಲಿ ತಯಾರಾಗುವ ವೆನ್ಸ್ಲಿಡೇಲ್ ಚೀಸ್ ಕೊಳ್ಳಬಹುದು. ಬಿಳಿಯದು, ಪುಡಿಪುಡಿಯಾಗುವಂಥದ್ದು, ಸಣ್ಣಗೆ ಹುಳಿ. ಹಣ್ಣು ಬೆರೆಸಿದ್ದು ನನಗೆ ಸೇರುವುದಿಲ್ಲ, ನೀವೂ ಸಾದಾ ಚೀಸನ್ನೇ ಕೇಳಿ. ಶುದ್ಧ ಸಸ್ಯಾಹಾರಿಗಳು ಹೊದಿಕೆಯ ಮೇಲೆ ಸಸ್ಯಾಹಾರಿಗಳಿಗೆ ಯೋಗ್ಯ ಎಂದಿದೆಯೇ ನೋಡಿಕೊಳ್ಳಲಿ. ಚೀಸ್ ಹೆಪ್ಪುಗಟ್ಟಿಸುವುದಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ ಬಳಸುವವರು ಈಗಲೂ ಇದ್ದಾರೆ.

ಅದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಯಾರ್ಕ್‌ಷೈರ್‌ನ ಎಷ್ಟೋ ಅಂಗಡಿಗಳಲ್ಲಿ ಚಿಪ್ಸ್ ಕರಿಯುವುದು ಎಣ್ಣೆಯಲ್ಲಲ್ಲ, ದನದ ಕೊಬ್ಬಿನಲ್ಲಿ. ಆಲೂಗಡ್ಡೆ ತಾನೇ ಎಂದು ತಿಂದು ಆಮೇಲೆ ಮುಖ ಕಿವುಚಿದವರನ್ನು ಕಂಡಿದ್ದೇನೆ. ಕೇಳಿದರೆ ಅಂಗಡಿಯವರು ಮರೆಮಾಚುವುದಿಲ್ಲ. ಕೆಲವರು ಹೆಮ್ಮೆಯಿಂದಲೇ ಹೇಳುತ್ತಾರೆ. ನಾವು ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಚೌಕದ ಬೆಂಚಿನ ಮೇಲೆ ಕುಳಿತು ತಿನ್ನುತ್ತೇವೆ.

ಚೌಕದ ಪಕ್ಕದಲ್ಲಿ ಕಮಾನುಗಳಿರುವ ಶ್ಯಾಂಬಲ್ಸ್ ಕಟ್ಟಡವನ್ನು ನೋಡಿ. ಹಿಂದೆ ಅಲ್ಲಿ ಕಸಾಯಿಗಳ ಅಂಗಡಿಗಳಿದ್ದವು. ಅಲ್ಲೇ ಹತ್ತಿರದ ಒಂದು ಗೋಡೆಯ ಮೇಲೆ ಬೆತ್ತಲೆ ಮನುಷ್ಯನ ಕೆತ್ತನೆಯಿದೆ. ಅವನ ಮಾನ ಮುಚ್ಚಿರುವುದು 1663 ಎಂಬ ಇಸವಿಯ ಫಲಕ. ಇನ್ನೂ ಮೇಲೆ ಹೋದರೆ ಹಳೆಯ ಕೆಂಪು ಟೆಲಿಫೋನ್ ಪೆಟ್ಟಿಗೆಯೊಳಗೊಂದು ಚಿತ್ರಶಾಲೆ. ಕಾಲಲ್ಲಿ ಕಸುವಿದ್ದರೆ ಊರಿನ ನೆತ್ತಿಯ ಮೇಲಿನ ಕ್ಯಾಸಲ್‌ಬರ್ಗ್ ಬಂಡೆ ಹತ್ತಿ.

ಇಷ್ಟು ದೂರ ಬಂದಿದ್ದೇವೆ, 24 ಕಮಾನುಗಳ ರಿಬಲ್‌ಹೆಡ್ ಸೇತುವೆಯನ್ನೂ ನೋಡಿಬರೋಣ ಎಂದು ಯಾರಾದರೂ ರಾಗ ಎಳೆಯುತ್ತಾರೆ. ಬೇಡ. ಅದಕ್ಕೆ ಬೇರೆಯೇ ದಿನ ಇಡಿ.

ನಾಲ್ಕನೆಯ ಹೆಜ್ಜೆ: ಸ್ಕಿಪ್ಟನ್

ಮಧ್ಯಾಹ್ನ ಮೂರಕ್ಕೆ ಮೊದಲು ಕೋಟೆಯೊಳಗಿರಿ. ಇಂಗ್ಲೆಂಡಿನ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದಲ್ಲಿ ಮೂರು ವರ್ಷ ಮುತ್ತಿಗೆ ತಡೆದು 1645ರ ಡಿಸೆಂಬರಿನಲ್ಲಿ ಶರಣಾದ ಕೋಟೆ ಇದು. ಫಿರಂಗಿ ಗುಂಡಿನ ಪೆಟ್ಟು ತಗ್ಗಿಸುವುದಕ್ಕೆ ಗೋಡೆಗಳ ಮೇಲಿಂದ ಕುರಿಯ ಉಣ್ಣೆ ಇಳಿಬಿಟ್ಟಿದ್ದರೆಂಬ ಕಥೆಯಿದೆ. ಸ್ಕಿಪ್ಟನ್ ಎಂದರೇ ಕುರಿಗಳ ಊರು. ಕಥೆ ಸುಳ್ಳಾದರೂ ಊರಿಗೆ ಒಪ್ಪುತ್ತದೆ. ಆಮೇಲೆ ಕೋಟೆಯನ್ನು ದುರಸ್ತಿ ಮಾಡಿಸಿದವಳು ಅದರ ಒಡತಿ ಲೇಡಿ ಆನ್ ಕ್ಲಿಫರ್ಡ್. ಒಳಾಂಗಣದಲ್ಲಿ ಅವಳು 1659ರಲ್ಲಿ ನೆಡಿಸಿದ ಯೂ ಮರ ಈಗಲೂ ಇದೆ. ಹೆಬ್ಬಾಗಿಲ ನೆತ್ತಿಯ ಮೇಲೆ ಕಲ್ಲಿನಲ್ಲಿ ಕಡೆದ ಫ್ರೆಂಚ್ ಪದವೊಂದಿದೆ: ‘ದೆಜೊರ್ಮೆ’. ‘ಇನ್ನು ಮುಂದೆ’ ಎಂದು ಅದರ ಅರ್ಥ, ಕ್ಲಿಫರ್ಡ್ ಮನೆತನದ ಧ್ಯೇಯವಾಕ್ಯ. ಅದನ್ನು ನೋಡದೆ ನೆಲ ನೋಡುತ್ತ ಒಳನುಗ್ಗುವವರೇ ಹೆಚ್ಚು.

ಕಾಲುವೆಯ ದಂಡೆಯಲ್ಲಿ ಅರ್ಧ ಗಂಟೆ ನಡೆಯಿರಿ. ಇದು ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗೆ 127 ಮೈಲಿ ಹರಿದ ಕಾಲುವೆ. ದೋಣಿವಿಹಾರಕ್ಕೆ ದುಡ್ಡು ಕೊಡದಿದ್ದರೂ ನಷ್ಟವಿಲ್ಲ.

ಮಳೆ ಬಂದೇ ಬರುತ್ತದೆ. ಪ್ರವಾಸಿಗರಿಗೆಂದೇ ಮಾರುವ ಐದು ಪೌಂಡಿನ ಮಡಚುವ ಕೊಡೆ ಇಲ್ಲಿನ ಒಂದೇ ಗಾಳಿಗೆ ತಲೆಕೆಳಗಾದ ಬಾವಲಿಯಂತಾಗುತ್ತದೆ. ಟೋಪಿಯಿರುವ ಮಳೆಯಂಗಿ ಹಾಕಿಕೊಂಡು ಬನ್ನಿ.

ಸ್ಕಿಪ್ಟನ್‌ನಿಂದ ಲೀಡ್ಸ್‌ಗೆ ಸಾಮಾನ್ಯವಾಗಿ ಅರ್ಧ ಗಂಟೆಗೊಂದು ರೈಲಿದೆ, ಓಡಬೇಕಾಗಿಲ್ಲ. ಟಿಕೆಟನ್ನು ಮಾತ್ರ ಚೀಸಿನ ಚೀಲದಲ್ಲಿ ಕಳೆದುಕೊಳ್ಳಬೇಡಿ. ಲೀಡ್ಸ್ ನಿಲ್ದಾಣದ ಗೇಟು ಅದಿಲ್ಲದೆ ತೆರೆಯುವುದಿಲ್ಲ.